ಬಂಡೆಯಡಿಯ ಹೊಗೆ

ಕೆರೆಯಲ್ಲಿ ಕೆಂಪು ಕಾಲಿನ ನೀರುಕೋಳಿಗಳು ಗೂಡಿನ ಜಾಗಕ್ಕಾಗಿ ಕಾದಾಡುತ್ತಿದ್ದವು. ಅತಿಥಿಗಳು ಮೂವರೂ ದುರ್ಬೀನು ಕಣ್ಣಿಗೊತ್ತಿಕೊಂಡು ನಿಂತಿದ್ದರು. ಅವರನ್ನು ಕರೆತಂದ ಬಸೀಲಿಯಾ ಮಾತ್ರ ಕೆರೆಗೆ ಬೆನ್ನು ಹಾಕಿ, ಮೇಲಿನ ಕೆನ್ಯುವಾ ಮರಗಳ ಕಾಡಿನ ಅಂಚನ್ನೇ ನೋಡುತ್ತಿದ್ದಳು. ಅಲ್ಲೊಂದು ಚಾಚುಬಂಡೆಯ ಕೆಳಗೆ ಕೆಂತಿಯ ಗೂಡಿತ್ತು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಧು ಹೀರುವ, ಹೆಬ್ಬೆರಳಿನಷ್ಟೇ ಇರುವ ಹಕ್ಕಿ. ಈ ವರ್ಷ ಅವಳಿಗೆ ಸಿಕ್ಕಿದ್ದು ಅದೊಂದೇ ಗೂಡು, ಒಳಗೆ ಎರಡು ಮರಿ.

"ಏನೇ, ನಿನ್ನ ನೊಣ ಇನ್ನೂ ಬದುಕಿದೆಯಾ?" ಹೊರೆಕುದುರೆಗಳನ್ನು ಹಿಡಿದುಕೊಂಡು ಬಂದ ಸಿರಿಲೊ ಕೇಳಿದ. ಅವಳ ಅಕ್ಕನ ಗಂಡ, ಈ ವರ್ಷ ಊರಿನ ಮುಖಂಡನೂ ಅವನೇ.

"ನಿನ್ನ ಈ ಮುದಿ ಕುದುರೆಗಿಂತ ಚೆನ್ನಾಗಿದೆ ಭಾವ."

"ಬದುಕಿರಲಿ ಬಿಡು. ಇವರಿಗೆ ಅದು ಕಾಣಲಿಲ್ಲ ಅಂದ್ರೆ ಸಭೇಲಿ ನಾನು ನಿನ್ನ ಪರ ಮಾತಾಡಲ್ಲ. ಕೊಡಲಿ ಸಾಣೆ ಹಿಡಿದಿಟ್ಟಿದ್ದೀನಿ."

ತಮಾಷೆಯಲ್ಲ. ಈ ಅತಿಥಿಗಳು ಕೆಂತಿಯನ್ನು ನೋಡಿ, ಮತ್ತೆ ಬರುತ್ತೇವೆ ಅಂದರೆ ಕಾಡು ಉಳಿಯುತ್ತದೆ. ಇಲ್ಲವಾದರೆ ಮರವೆಲ್ಲ ಇದ್ದಿಲಿಗೆ ಎಂದು ಊರ ಸಭೆಯಲ್ಲಿ ತೀರ್ಮಾನವಾಗಿತ್ತು. ಕಾಗದದಂತೆ ಸಿಪ್ಪೆ ಸುಲಿಯುವ ಆ ಮುದಿ ಮರಗಳು ಹೋದರೆ ಮತ್ತೆ ಬೆಳೆಯಲು ಮೂರು ತಲೆಮಾರು ಬೇಕು. ಅದನ್ನು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು.

ಇಬ್ಬರೂ ಆಡುತ್ತಿದ್ದುದು ಕೆಚುವಾ. ಅರೆಕಿಪಾ ನಗರದಿಂದ ಬಂದ ನಿವೃತ್ತ ಟೀಚರ್ ಒತಿಲಿಯಾಗೆ ಆ ಭಾಷೆ ಬಾರದು. "ಏನಂತಾನೆ?" ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದಳು.

"ಚಳಿ ಜಾಸ್ತಿ ಅಂತಾನೆ, ಅಮ್ಮಾ."

ಅಂದೇ ಗೂಡು ತೋರಿಸಬೇಕಿತ್ತು. ಆದರೆ ಎತ್ತರದ ಗಾಳಿ ಒತಿಲಿಯಾಗೆ ಒಗ್ಗಲಿಲ್ಲ. ತಲೆ ಸಿಡಿಯುತ್ತಿದೆಯೆಂದು ಕೋಕಾ ಎಲೆಯ ಕಷಾಯ ಕುಡಿದು ಡೇರೆಯಲ್ಲಿ ಮಲಗಿದಳು. ಜೊತೆಗೆ ಬಂದಿದ್ದ ಅಣ್ಣತಂಗಿಯರೂ ಬೆಳಿಗ್ಗೆಯೇ ಹೋಗೋಣ ಎಂದರು.

ಸಂಜೆಗೆ ಗಾಳಿ ನಿಂತಿತು. ಮೋಡದ ಒಂದು ಎಳೆಯೂ ಇಲ್ಲದೆ ಆಕಾಶ ತೊಳೆದಂತಾಯಿತು. ಬಸೀಲಿಯಾ ಮತ್ತೆ ಮತ್ತೆ ಮೇಲೆ ನೋಡಿದಳು. ಇಂಥ ಆಕಾಶದ ಕೆಳಗೆ ರಾತ್ರಿ ಸಸಿ ಸುಡುವ ಹಿಮ ಕಟ್ಟಿಯೇ ಕಟ್ಟುತ್ತದೆ. ಕೆಳಗಿನ ಆಲೂಗಡ್ಡೆ ಹೊಲಗಳಲ್ಲಿ ಜನ ಆಗಲೇ ಹಸಿ ಹುಲ್ಲು, ಸಾಕಿದ ಲಾಮಾಗಳ ಲದ್ದಿ ಒಟ್ಟಿ ಹೊಗೆ ಎಬ್ಬಿಸುತ್ತಿದ್ದರು. ಹೊಗೆಯ ಕಂಬಳಿ ಹೊದ್ದ ಸಸಿಯನ್ನು ಹಿಮ ಕಚ್ಚುವುದಿಲ್ಲ. ಅವಳ ಅಜ್ಜಿ ಹಾಗೆ ಮಾಡುತ್ತಿದ್ದಳು, ಅಮ್ಮ ಮಾಡುತ್ತಿದ್ದಳು. ರೆಕ್ಕೆ ಸರಿಯಾಗಿ ಮೂಡದ ಮರಿಗಳು ಇಂಥ ಚಳಿಯಲ್ಲಿ ಉಳಿದಾವೇ?

ಮಡಿಲು ತುಂಬ ಲದ್ದಿ ಆರಿಸಿಕೊಂಡು ಬಂಡೆಗೆ ಹೋದಳು. ತಾಯಿ ಹಕ್ಕಿ ಗೂಡಿನಲ್ಲಿತ್ತು. ಒಂದು ಕಿಡಿ ಕಾಡಿಗೆ ಹಾರಿದರೆ ಗತಿಯೇನೆಂದು ಸುತ್ತಲಿನ ಒಣಹುಲ್ಲನ್ನೆಲ್ಲ ಕೈಯಿಂದಲೇ ಕಿತ್ತಳು. ಬೆಂಕಿ ಹಚ್ಚಿ, ಮೇಲೆ ಒದ್ದೆ ಪಾಚಿ ಹೊದಿಸಿದಳು. ಹೊಗೆ ಮೆಲ್ಲಗೆ ಎದ್ದು ಬಂಡೆಯ ಸೂರಿನಡಿ ತುಂಬಿಕೊಂಡಿತು. ಸಾಕಾಯಿತೋ ಇಲ್ಲವೋ ಎಂದು ಇನ್ನೊಂದು ಹಿಡಿ ಲದ್ದಿ ಹಾಕಿದಳು. ಮನಸ್ಸು ಹಗುರಾಯಿತು.

ಬೆಳಿಗ್ಗೆ ಡೇರೆಯ ಬಟ್ಟೆ ಹಲಗೆಯಂತೆ ಸೆಟೆದಿತ್ತು. ಬಿಸಿಲು ಬಂಡೆಗೆ ತಾಕುವ ಹೊತ್ತಿಗೆ ಅವರು ಅಲ್ಲಿದ್ದರು. ಬಸೀಲಿಯಾ ಮೊದಲು ಹೋಗಿ ಬೂದಿಯ ಮೇಲೆ ಪಾಚಿ ಎಳೆದಳು. ಆಮೇಲೆ ತಲೆಯೆತ್ತಿದಳು.

ಹಕ್ಕಿ ಗೂಡಿನಲ್ಲೇ ಇತ್ತು. ರೆಕ್ಕೆ ಅಗಲಿಸಿ ಮರಿಗಳನ್ನು ಮುಚ್ಚಿಕೊಂಡು, ಕೊಕ್ಕು ಮೇಲೆತ್ತಿಕೊಂಡು.

"ಅಯ್ಯೋ, ಎಷ್ಟು ಹತ್ತಿರ!" ಒತಿಲಿಯಾ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. "ನಮ್ಮನ್ನ ನೋಡಿ ಹೆದರ್ತಾನೇ ಇಲ್ಲ."

"ಯಾಕೆ ಅಲ್ಲಾಡ್ತಿಲ್ಲ?" ತಂಗಿ ಕೇಳಿದಳು.

"ಜಡನಿದ್ದೆ ಕಣಮ್ಮ," ಎಂದಳು ಒತಿಲಿಯಾ. "ಚಳಿ ಬಿದ್ದಾಗ ಇವು ಉಸಿರು ಇಳಿಸಿಕೊಂಡು ಸತ್ತ ಹಾಗೆ ಮಲಗಿಬಿಡ್ತವೆ. ಬಿಸಿಲು ಏರಿದ್ಮೇಲೆ ಏಳ್ತವೆ. ಅಲ್ವಾ ಬಸೀಲಿಯಾ?"

"ಹೌದು, ಅಮ್ಮಾ."

ಅದು ಅವಳಿಗೆ ಗೊತ್ತಿದ್ದ ಸಂಗತಿಯೇ. ಚಳಿಯನ್ನು ಆ ಹಕ್ಕಿ ತಾನೇ ಗೆಲ್ಲುತ್ತಿತ್ತು. ಜಡನಿದ್ದೆಯಲ್ಲಿ ಅದಕ್ಕೆ ಬಾರದಿದ್ದುದು ಒಂದೇ, ಹೊಗೆಯಿಂದ ಎದ್ದು ಹಾರುವುದು. ಬಿಸಿಲು ಕೆಳಗಿಳಿದು ಹಕ್ಕಿಯ ಬೆನ್ನಿಗೆ ಬಂತು, ಕಾಯಿಸಿತು. ಗರಿಯೊಂದೂ ಮಿಸುಕಲಿಲ್ಲ. ಮರಿಗಳ ಚಿಲಿಪಿಲಿಯೂ ಇಲ್ಲ. ಹಕ್ಕಿಯ ಬಿಳಿ ಹೊಟ್ಟೆಯ ಅಂಚು ಮಸಿಯಾಗಿತ್ತು.

"ಸಾಕು ಬನ್ನಿ, ಪಾಪ, ಮಲಗಲಿ," ಎಂದಳು ಒತಿಲಿಯಾ. "ನಮ್ಮಿಂದ ಅದರ ನಿದ್ದೆ ಕೆಡಬಾರದು."

ಮೂವರೂ ತುದಿಗಾಲಿನಲ್ಲಿ ಹಿಂದೆ ಸರಿದರು. ಒಂದು ಕಡ್ಡಿ ಮುರಿಯದಂತೆ, ಕಲ್ಲು ಉರುಳದಂತೆ ಇಳಿಜಾರು ಇಳಿದರು. ಅವರ ಹಿಂದೆ ಬಸೀಲಿಯಾಳೂ ತುದಿಗಾಲಿನಲ್ಲೇ ನಡೆದಳು.

ಕೆರೆಯ ಬಳಿ ಸಿರಿಲೊ ಕುದುರೆಗಳಿಗೆ ಹೊರೆ ಬಿಗಿಯುತ್ತಿದ್ದ. ಒತಿಲಿಯಾ ಅವನ ಎರಡೂ ಕೈ ಹಿಡಿದುಕೊಂಡಳು. "ನೋಡಿದ್ವಿ! ಮುಂದಿನ ತಿಂಗಳು ನಮ್ಮ ಸಂಘದವರನ್ನೆಲ್ಲ ಕರ್ಕೊಂಡು ಬರ್ತೀನಿ. ಆ ಕಾಡನ್ನ ಮುಟ್ಟಬೇಡ್ರಪ್ಪ."

"ಇಲ್ಲಮ್ಮ, ಮುಟ್ಟಲ್ಲ," ಎಂದ ಸಿರಿಲೊ, ಹಲ್ಲು ಬಿಟ್ಟು. ಆಮೇಲೆ ಬಸೀಲಿಯಾಳ ಕಡೆ ತಿರುಗಿ ಕೆಚುವಾದಲ್ಲಿ, "ಗೆದ್ದೆಯಲ್ಲೇ ಹೆಣ್ಣೆ! ಹೆಣದ ಹಾಗೆ ಯಾಕೆ ನಿಂತಿದ್ದೀಯ? ನಗಬಾರದೆ?"

"ಸತ್ತಿದೆ ಭಾವ."

"ಯಾವುದು?"

"ತಾಯೀನೂ, ಮರಿಗಳೂ. ನಿನ್ನೆ ನಾನೇ ಹೊಗೆ ಹಾಕಿದೆ. ಹಿಮ ಕಚ್ಚದಿರಲಿ ಅಂತ. ಇವರಿಗೆ ಗೊತ್ತಾಗಿಲ್ಲ. ಹೇಳಿಬಿಡ್ತೀನಿ."

ಸಿರಿಲೊ ಹಗ್ಗದ ಗಂಟನ್ನು ಬಿಗಿಯುತ್ತಲೇ ಇದ್ದ. "ಹುಚ್ಚಿ," ಎಂದ ತಣ್ಣಗೆ. "ಉಸಿರು ಕಟ್ಟೋಕೆ ಆಲೂಗಡ್ಡೆಗೆ ಮೂಗಿದೆಯೇನೆ? ಬಾಯಿ ಮುಚ್ಚು. ಒಂದು ನೊಣದಷ್ಟು ಹಕ್ಕಿ ಸತ್ತಿದ್ದಕ್ಕೆ ಊರಿಗೆ ಬರೋ ಜನಾನ ಓಡಿಸ್ತೀಯಾ? ನೀನೇ ಅಲ್ವೆ ಮರ ಉಳೀಬೇಕು ಅಂತ ಅತ್ತಿದ್ದು?"

ಒತಿಲಿಯಾ ಇಬ್ಬರ ಮುಖವನ್ನೂ ನೋಡಿದಳು. "ಯಾಕೆ, ಏನಾಯ್ತು? ಏನಂತಾಳೆ?"

"ಮತ್ತೆ ಬನ್ನಿ ಅಂತಾಳೆ, ಅಮ್ಮಾ," ಎಂದ ಸಿರಿಲೊ. "ಮುಂದಿನ ಸಲ ಮರಿಗಳು ಹಾರೋದನ್ನ ನೋಡಬಹುದಂತೆ."

ಮುದುಕಿಯ ಮುಖ ಅರಳಿತು. ಅವಳು ಬಸೀಲಿಯಾಳ ಕೈ ಹಿಡಿಯಲು ಬಂದಳು. ಬಸೀಲಿಯಾ ಲದ್ದಿಹೊಗೆಯ ನಾತ ಇನ್ನೂ ಬಿಡದ ಕೈಗಳನ್ನು ಹೊದಿಕೆಯ ಒಳಕ್ಕೆ ಎಳೆದುಕೊಂಡಳು. ಮೇಲೆ ಕಾಡು ಒಂದು ಮರವೂ ಕಡಿಮೆಯಾಗದೆ ನಿಂತಿತ್ತು. ಅವಳು ಅದನ್ನು ನೋಡಲಿಲ್ಲ. ನೆಲ ನೋಡುತ್ತ, ಹೌದೆಂದು ತಲೆಯಾಡಿಸಿದಳು.