ಖಾಲಿಯಾಗದ ಮನೆ

ಅತ್ತೆ ತೀರಿಕೊಂಡ ಮೇಲೆ ಅವಳ ಬಾಡಿಗೆ ಮನೆ ಖಾಲಿ ಮಾಡಿಕೊಡುವ ಕೆಲಸ ನನ್ನ ಮತ್ತು ಅಣ್ಣನ ತಲೆಗೆ ಬಂತು. ಅವಳು ಅಪ್ಪನ ಅಕ್ಕ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಟೆಲಿಫೋನ್ ಆಫೀಸಿನಲ್ಲಿ ದುಡಿದು, ಅಪ್ಪ ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಇದೇ ಎರಡು ಕೋಣೆಗಳಲ್ಲಿ ಸಾಕಿದವಳು. ಸಂಜೆಯೊಳಗೆ ಬೀಗದ ಕೈ ಮನೆ ಮಾಲೀಕರಿಗೆ ಮುಟ್ಟಬೇಕಿತ್ತು. ಅಣ್ಣ ತನ್ನ ಸ್ಕೂಲ್ ವ್ಯಾನಿನ ಸೀಟುಗಳನ್ನು ಬಿಚ್ಚಿಟ್ಟು, ವ್ಯಾನನ್ನು ಬಾಗಿಲಿಗೇ ತಂದು ನಿಲ್ಲಿಸಿದ.

"ಏ ಕಡ್ಡಿ, ನಿನಗೇನು ಬೇಕು ಈಗಲೇ ಹೇಳಿಬಿಡು. ಆಮೇಲೆ ಮೂತಿ ಉದ್ದ ಮಾಡ್ಬೇಡ," ಎಂದ.

ನಾನು ಸಣ್ಣಗಿದ್ದ ಕಾಲದಲ್ಲಿ ಅವನಿಟ್ಟ ಹೆಸರು ಅದು. ಈಗ ಸಣ್ಣಗೇನೂ ಇಲ್ಲ, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. "ಬೆತ್ತದ ಕುರ್ಚಿ. ಅದೊಂದು ಸಾಕು. ಉಳಿದದ್ದೆಲ್ಲ ಯಾರಿಗಾದ್ರೂ ಕೊಟ್ಬಿಡು," ಎಂದೆ.

ಭಾನುವಾರ ನಾನು ಬಂದಾಗಲೆಲ್ಲ ಅತ್ತೆ ಆ ಕುರ್ಚಿಯಲ್ಲಿ ಕೂತೇ ನನ್ನ ಗೋಳು ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಕುರ್ಚಿಯ ಬಲತೋಳಿನ ಬೆತ್ತವನ್ನು ಉಗುರಿನಿಂದ ಕೆದಕುವುದು ಅವಳ ಅಭ್ಯಾಸ. ಅಲ್ಲಿ ಬೆತ್ತ ಬಿಚ್ಚಿಕೊಂಡು ನಿಂತಿತ್ತು. ಬೇರೆ ಏನೂ ಇಲ್ಲದಿದ್ದರೂ ಅಷ್ಟು ನನಗೆ ಬೇಕಾಗಿತ್ತು.

ಪಾತ್ರೆ ಪಗಡೆ ಜಗಲಿಗೆ ಬರುತ್ತಿದ್ದ ಹಾಗೆ ಮಹಡಿಯ ಟೀಚರಮ್ಮ ಇಳಿದು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿ, "ಆ ಕುಕ್ಕರು ನಂದು ಕಣಮ್ಮ," ಎಂದು ಎತ್ತಿಕೊಂಡರು. ಅವರ ಬೆನ್ನಿಗೇ ಪಕ್ಕದ ಬೇಕರಿಯವನು ಬಂದು, "ಏಣಿ ನಮ್ಮದು," ಎಂದ. ನನ್ನ ಪಿತ್ತ ನೆತ್ತಿಗೇರಿತು. ನಾನು ಔಷಧಿ ಅಂಗಡಿ ನಡೆಸುವವಳು, ಒಂದೊಂದು ಮಾತ್ರೆಗೂ ಅದರದೇ ಗೂಡು ಬೇಕು ಎನ್ನುವವಳು. ಹೀಗೆ ಬಂದು ಬಂದು ನಂದು ನಮ್ಮದು ಎಂದರೆ ಸುಮ್ಮನಿರಲು ಆಗುತ್ತದೆಯೇ?

"ಬಾಚಿಕೊಳ್ಳೋಕೆ ಬಂದಿದಾರೆ ನೋಡು," ಎಂದು ಅಣ್ಣನ ಕಿವಿಯಲ್ಲಿ ಹೇಳಿದೆ.

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಟೀಚರಮ್ಮ ಮತ್ತೆ ಕೆಳಗಿಳಿದರು. ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಇನ್ನೊಂದರಲ್ಲಿ ಮಿಕ್ಸಿ. "ತಗೋ, ಇವು ನಿಮ್ಮತ್ತೇದು." ಏಣಿ ಒಯ್ದ ಬೇಕರಿಯವನು ಟೇಬಲ್ ಫ್ಯಾನು, ಎರಡು ಸೂಟ್‌ಕೇಸು, ಮಡಚುವ ಮಂಚ ಹೊತ್ತು ತಂದ. ಬೀದಿಯ ಇನ್ನೂ ನಾಲ್ಕಾರು ಜನ ಹೀಗೇ ಬಂದು ಹೋಗಿ, ಮಧ್ಯಾಹ್ನದ ಹೊತ್ತಿಗೆ ಬೆಳಿಗ್ಗೆ ಇದ್ದ ಅರ್ಧ ಸಾಮಾನು ಹೋಗಿತ್ತು, ಅದಕ್ಕಿಂತ ಹೆಚ್ಚು ಬಂದು ಕೂತಿತ್ತು. ಅಣ್ಣ ಮಡಚುವ ಮಂಚದ ಮೇಲೆ ಕುಸಿದು, "ಮನೆ ಖಾಲಿ ಮಾಡೋಕೆ ಬಂದ್ವೋ, ಸಂಸಾರ ಹೂಡೋಕೆ ಬಂದ್ವೋ?" ಎಂದ. ನನಗೂ ನಗು ತಡೆಯಲಾಗಲಿಲ್ಲ.

ವಿಷಯ ಬಿಡಿಸಿ ಹೇಳಿದವರು ಟೀಚರಮ್ಮ. "ನೀವಿಬ್ರೂ ಬೇರೆ ಮನೆ ಮಾಡಿದ ಮೇಲೆ ಶುರುವಾಗಿದ್ದು ಇದು. ನಿಮ್ಮತ್ತೆ ಏನಾದ್ರೂ ಒಂದು ಕೊಡೋದು, ಒಂದು ತಗೊಂಡು ಹೋಗೋದು. ಕೊಟ್ಟಿದ್ದನ್ನ ಕೇಳೋದಿಲ್ಲ, ತಂದಿದ್ದನ್ನ ಕೊಡೋದಿಲ್ಲ. ಕುಕ್ಕರು ಬೇಕು ಅಂದ್ರೆ ನಾನೇ ಬರಬೇಕು. ಬಂದ್ರೆ ಸುಮ್ನೆ ಕಳಿಸ್ತಾಳಾ? ನನ್ನ ಕುಕ್ಕರಲ್ಲೇ ಅನ್ನ ಮಾಡಿ ನನಗೇ ಬಡಿಸಿ, ಕುಕ್ಕರು ಮಾತ್ರ ತೊಳೆದು ಒಳಗಿಟ್ಕೋತಿದ್ಲು."

ಎಲ್ಲರೂ ನಕ್ಕರು. ನಾನೂ ನಗುತ್ತಲೇ ಇದ್ದೆ. ಆಗ ಕುರ್ಚಿ ನೆನಪಾಯಿತು. ಅದು ಎಲ್ಲಿಂದ ಬಂತು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಯಾರಿಗೂ ಹೇಳದೆ ಅದನ್ನು ವ್ಯಾನಿನೊಳಗೆ ಸಾಗಿಸಿ, ಮೇಲೊಂದು ಬೆಡ್‌ಶೀಟು ಹೊದಿಸಿ, ಅದರ ಮೇಲೆ ನಾನೇ ಹತ್ತಿ ಕೂತೆ. ವಯಸ್ಸಿಗೆ ತಕ್ಕ ಕೆಲಸವಲ್ಲ, ಗೊತ್ತು.

ಎದುರುಗಡೆ ಕ್ಷೌರದಂಗಡಿಯ ಯಜಮಾನರನ್ನು ನಾವು ಮೊದಲಿನಿಂದಲೂ ಕಟಿಂಗ್ ಮಾಮ ಎನ್ನುತ್ತಿದ್ದೆವು. ಗಿರಾಕಿ ಮುಗಿಸಿ, ಅತ್ತೆಯ ಗೋಡೆ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರು ನೇರ ವ್ಯಾನಿನ ಹತ್ತಿರ ಬಂದರು. ಬೆಡ್‌ಶೀಟಿನ ಕೆಳಗೆ ಇಣುಕುತ್ತಿದ್ದ ಕುರ್ಚಿಯ ಕಾಲುಗಳ ಮೇಲೆ ಅವರ ಕಣ್ಣು ಬಿತ್ತು.

"ಇದು ಅತ್ತೇದು," ಎಂದೆ, ಅವರು ಕೇಳುವ ಮೊದಲೇ.

"ಏಳು ನೋಡೋಣ."

ಎದ್ದೆ. ಅವರು ಕನ್ನಡಿ ಇಳಿಸಿಟ್ಟು ಕುರ್ಚಿ ಮಗುಚಿದರು. ಸೀಟಿನ ಅಡಿಯಲ್ಲಿ ಅವರ ಅಂಗಡಿಯ ಹೆಸರು, ಕೆಂಪು ಬಣ್ಣದಲ್ಲಿ, ಸ್ವಲ್ಪ ಸೊಟ್ಟಗೆ. ನನ್ನ ಮುಖ ಹುಳ್ಳಗಾಯಿತು. ಇಳಿಸಿ ಕೊಡಲು ಹೋದೆ, ಕೈ ಬರಲಿಲ್ಲ. ಬೆಳಿಗ್ಗೆಯಿಂದ ಗಂಟಲಲ್ಲೇ ಇದ್ದದ್ದು ಹೊರಗೆ ಬಂದುಬಿಟ್ಟಿತು.

"ಮಾಮ, ನನಗೆ ಇದೊಂದೇ ಬೇಕಾಗಿತ್ತು. ಮನೇನೂ ಹೋಯ್ತು. ಇನ್ಮೇಲೆ ಈ ಬೀದಿಗೆ ಬರೋಕೆ ನನಗೇನು ಕೆಲಸ ಇದೆ ಹೇಳಿ. ನೀವ್ಯಾರು, ನಾನ್ಯಾರು ಅನ್ನೋ ಹಾಗಾಗುತ್ತೆ."

ಅವರು ಕುರ್ಚಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿ, ಬೆಡ್‌ಶೀಟು ಎಳೆದು ಸರಿಮಾಡಿದರು. "ತಗೊಂಡು ಹೋಗು."

"ಬೇಡ. ಇನ್ನೊಬ್ಬರ ವಸ್ತು ನನಗೆ ಸುಮ್ನೆ ಕೊಟ್ರೂ ಬೇಡ."

"ಸುಮ್ನೆ ಕೊಡ್ತೀನಿ ಅಂತ ಯಾರು ಹೇಳಿದ್ರು? ನನ್ನ ಕುರ್ಚಿ ನನಗೆ ವಾಪಸ್ ಬೇಕು. ಅಲ್ಲೀತನಕ ಈ ಕನ್ನಡಿ ನನ್ನ ಹತ್ರಾನೇ ಇರುತ್ತೆ." ಇಳಿಸಿದ್ದ ಕನ್ನಡಿಯನ್ನು ಅವರು ಮತ್ತೆ ಎತ್ತಿಕೊಂಡರು. "ನಿಮ್ಮತ್ತೆ ನಾನು ಕೇಳಿದಾಗೆಲ್ಲ ನಾಳೆ ಕೊಡ್ತೀನಿ ಅಂತಿದ್ರು. ಎಷ್ಟು ವರ್ಷ ಆಯ್ತೋ. ನೀನೂ ಹೇಳು ನೋಡೋಣ."

"ನಾಳೆ ಕೊಡ್ತೀನಿ," ಎಂದೆ. ದನಿ ಒಡೆದು ಹೋಯಿತು.

"ಹಾಗಲ್ಲ. ಅವರಿಗೆ ಚೂರೂ ನಾಚಿಕೆ ಇರ್ತಿರಲಿಲ್ಲ."

ಮೂಗು ಒರೆಸಿಕೊಂಡು, ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು ಇನ್ನೊಮ್ಮೆ ಹೇಳಿದೆ. ಮಾಮ ತಲೆಯಾಡಿಸಿ, ಕನ್ನಡಿ ಹೊತ್ತುಕೊಂಡು ಅಂಗಡಿಗೆ ಹೋದರು.