ಮೂವತ್ತೆರಡನೇ ಸಾಲು

ಕಂಪ್ಯೂಟರಿನ ಪಕ್ಕದಲ್ಲಿದ್ದ ಪುಸ್ತಕಗಳನ್ನು ಎತ್ತಿ ನೆಲಕ್ಕಿಟ್ಟು ತಂಗಿ ಅಕ್ಕನಿಗೆ ಕುರ್ಚಿ ಎಳೆದುಕೊಟ್ಟಳು. ಪ್ರಯೋಗಾಲಯದವರೆಲ್ಲ ಊಟಕ್ಕೆ ಹೋಗುವ ಹೊತ್ತನ್ನೇ ಆರಿಸಿ ಬರಹೇಳಿದ್ದಳು. ಅಕ್ಕ ಕುಳಿತಳು, ಕೈಚೀಲವನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ.

ಅಕ್ಕನ ಮಗಳು ಪುಟ್ಟಿ ತೀರಿಕೊಂಡು ವರ್ಷವಾಗಿತ್ತು. ಏಳು ತಿಂಗಳ ಕೂಸು. ಹೃದಯದ ಸ್ನಾಯುವಿಗೆ ಬಲವಿಲ್ಲ ಎಂದ ವೈದ್ಯರು ಯಾಕೆಂದು ಹೇಳಿರಲಿಲ್ಲ. ಆರು ತಿಂಗಳ ಬಸುರಿಯಾಗಿದ್ದಾಗ ಅಕ್ಕ ಒಣಗಿದ ಬಟ್ಟೆ ತರಲು ಮಹಡಿ ಹತ್ತಿ, ಇಳಿಯುವಾಗ ಕಾಲುಜಾರಿ ಬಿದ್ದಿದ್ದಳು. ಹತ್ತಬೇಡ ಎಂದು ಗಂಡ ಬೆಳಿಗ್ಗೆಯೇ ಹೇಳಿದ್ದ. ಆಮೇಲೆ ಅವನು ಒಂದು ದಿನವೂ ಆ ಮಾತೆತ್ತಲಿಲ್ಲ. ಎತ್ತದೆ ಇದ್ದುದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಮಗುವಿನ ರಕ್ತಪರೀಕ್ಷೆಯ ವರದಿ ಕೈಗೆ ಬಂದದ್ದು ಎಲ್ಲ ಮುಗಿದ ಮೇಲೆ. ಒಂದು ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿದೆ, ತಂದೆತಾಯಿಯಲ್ಲಿ ಆ ಬದಲಾವಣೆ ಇಲ್ಲ, ಪರಿಣಾಮ ತಿಳಿಯದು ಎಂದು ಅದರಲ್ಲಿತ್ತು. ನಾನಾ ಪ್ರಾಣಿಗಳ ಜೀನುಗಳನ್ನು ಒಂದರ ಕೆಳಗೊಂದು ಜೋಡಿಸಿ, ಹೃದಯ ಬಡಿಯುವ ವ್ಯವಸ್ಥೆ ಕೋಟ್ಯಂತರ ವರ್ಷಗಳಲ್ಲಿ ಹೇಗೆ ರೂಪುಗೊಂಡಿತೆಂದು ನೋಡುವುದೇ ತಂಗಿಯ ಕೆಲಸ. ಆದರೂ ಆ ವರದಿ ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಕಳೆದ ತಿಂಗಳು ಅಕ್ಕನೇ ತಂದು ಮೇಜಿನ ಮೇಲಿಟ್ಟು, ಕಾಫಿಗೂ ನಿಲ್ಲದೆ ಹೋಗಿದ್ದಳು. ತಪ್ಪಿದ್ದೀತೆಂದು ತಂಗಿ ಎಲ್ಲವನ್ನೂ ಮೂರು ಸಲ ಜೋಡಿಸಿ ನೋಡಿದ್ದಳು.

"ಮೇಲಿನ ಸಾಲು ಮೀನು," ಎಂದಳು ತಂಗಿ, ಪರದೆ ತೋರಿಸಿ. "ಆಮೇಲೆ ಕಪ್ಪೆ, ಕೋಳಿ, ಬಾವಲಿ, ಹಸು, ಹೀಗೆ ಬಂದು ಮೂವತ್ತೊಂದನೇದು ಮನುಷ್ಯರು. ಅಕ್ಕಪಕ್ಕದ ಅಕ್ಷರ ಬೇರೆಬೇರೆ ಆಗಿದೆ ನೋಡು. ಈ ಜಾಗದಲ್ಲಿ ಮಾತ್ರ ಎಲ್ಲರಿಗೂ ಒಂದೇ."

"ಮೀನಿಗೂ ನಮಗೂ ಎಂಥ ನೆಂಟಸ್ತಿಕೆನೇ?" ಅಕ್ಕನ ಮುಖದಲ್ಲಿ ನಗು ಬಂದಂತಾಗಿ ಹೋಯಿತು.

"ಇದು ಬದಲಾದ್ರೆ ಜೀವ ಉಳಿಯಲ್ಲ, ಅದಕ್ಕೇ ಎಲ್ಲೂ ಬದಲಾಗಿಲ್ಲ. ಕೊನೇದು, ಮೂವತ್ತೆರಡನೇದು, ಪುಟ್ಟಿ. ಅವಳಿಗೆ ಬದಲಾಗಿತ್ತು. ನಿಮ್ಮಿಬ್ಬರಲ್ಲಿ ಇಲ್ಲ, ಅವಳಿಗೆ ಹೊಸದಾಗಿ ಆದದ್ದು. ಗರ್ಭ ನಿಂತ ಹೊತ್ತಿಗೇ, ನೀನು ಬೀಳೋಕೆ ಎಷ್ಟೋ ಮುಂಚೆ. ಮೆಟ್ಟಿಲಿಗೂ ಇದಕ್ಕೂ ಸಂಬಂಧ ಇಲ್ಲಕ್ಕ."

ಈ ಮಾತಿಗೆ ಅಕ್ಕನ ಎದೆಯ ಭಾರ ಇಳಿದೀತೆಂದು ತಂಗಿ ತಿಂಗಳಿಡೀ ಕಾದಿದ್ದಳು. ಅಕ್ಕ ಮಡಿಲಿನ ಕೈಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಬೀಳದೇ ಇದ್ದಿದ್ರೆ ಅಂತ ದಿನಾ ಅಂದ್ಕೊಳ್ತಿದ್ದೆ," ಎಂದಳು. "ಹಾಗಂದ್ಕೊಂಡಾಗೆಲ್ಲ ಅವಳು ಬದುಕಿರ್ತಿದ್ಲು. ಇನ್ನು ಏನಂತ ಅಂದ್ಕೊಳ್ಲಿ?"

ಹೊರಗೆ ಊಟ ಮುಗಿಸಿದವರ ಮಾತು ಕೇಳಿ, ಮತ್ತೆ ದೂರವಾಯಿತು.

ಅಕ್ಕ ಕೈಚಾಚಿ ಮೀನಿನ ಸಾಲಿನ ಮೇಲೆ ಬೆರಳಿಟ್ಟಳು. ಒಂದೊಂದೇ ಸಾಲು ದಾಟುತ್ತ ಕೆಳಗಿಳಿದು, ಕೊನೆಯ ಸಾಲಿಗೆ ಬಂದು ನಿಂತಳು. ಪರದೆ ತಾನಾಗಿ ಮಂಕಾಗಿ, ಕಪ್ಪಾಯಿತು. ಅವಳು ಬೆರಳು ತೆಗೆಯಲಿಲ್ಲ.

ತಂಗಿ ಮೆಲ್ಲಗೆ ಒಂದು ಕೀಲಿ ಒತ್ತಿದಳು. ಅಕ್ಷರಗಳು ಮತ್ತೆ ಬೆಳಗಿದವು. ಬೆರಳು ಅಲ್ಲೇ ಇತ್ತು.