ಕಿವಿ ಮೇಷ್ಟ್ರ ಸೂತ್ರ

ಗಡಿಯಾರ ರಿಪೇರಿ ಮಾಡುವವರನ್ನು ಬೀದಿಯ ಜನ ಕಿವಿ ಮೇಷ್ಟ್ರು ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಕೆಟ್ಟ ಗಡಿಯಾರವನ್ನು ಅವರು ಮೊದಲು ಬಿಚ್ಚುತ್ತಿರಲಿಲ್ಲ, ಕಿವಿಗೆ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ, ಪಾರಾಯಣ ಕೇಳುವವರ ಹಾಗೆ ಕೂತು, "ಇದರ ಸ್ಪ್ರಿಂಗು ದಣಿದಿದೆ" ಎಂದೋ, "ಮೂರನೇ ಚಕ್ರದ ಹಲ್ಲಲ್ಲಿ ಕಸ ಕೂತಿದೆ" ಎಂದೋ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಆ ಮಾತು ಸುಳ್ಳಾಗುತ್ತಿರಲಿಲ್ಲ. ತಾಯಿಯಿಲ್ಲದ ಅವರ ಮಗಳು ಆ ಮೇಜಿನ ಪಕ್ಕದಲ್ಲೇ ಬೆಳೆದವಳು. ಅಪ್ಪನ ಕಿವಿ ಅವಳಿಗೂ ಬಂದಿತ್ತು. ಇಪ್ಪತ್ತೆರಡು ತುಂಬುವಷ್ಟರಲ್ಲಿ ಅರ್ಧ ಅಂಗಡಿ ಅವಳ ಕೈಯಲ್ಲೇ ನಡೆಯುತ್ತಿತ್ತು.

ಅವಳಿಗೆ ಮೊದಲು ಅನುಮಾನ ಹುಟ್ಟಿಸಿದ್ದು ಗೋಡೆ. ಅಲ್ಲಿದ್ದ ಹನ್ನೊಂದು ಗಡಿಯಾರಗಳಿಗೆ ಕೀಲಿ ಕೊಡುವುದು ಅಪ್ಪನ ದಿನದ ನೇಮ; ಜ್ವರ ಬಂದರೂ ತಪ್ಪಿಸಿದವರಲ್ಲ. ಒಂದು ಬೆಳಿಗ್ಗೆ ನಾಲ್ಕು ಗಡಿಯಾರಗಳು ನಿಂತಿದ್ದವು. ಅಪ್ಪನಿಗೆ ಗಮನವೇ ಇಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ತುಟಿಪಿಟಿಕ್ಕೆನ್ನದೆ ಕೂತಿದ್ದರು.

"ಯಾರಪ್ಪ ಫೋನಲ್ಲಿ?"

"ಯಾರೂ ಇಲ್ಲ."

"ಮತ್ತೆ ಯಾರ ಮಾತು ಕೇಳ್ತಿದೀಯ?"

"ಹೋಗು, ಟೀ ತಗೊಂಡು ಬಾ."

ಅಂಗಡಿಯ ಹಿಂದೆಯೇ ಮನೆ. ಮಗಳು ಹೋಗಿ ಅಜ್ಜಿಯ ಕಿವಿಯಲ್ಲಿ ಉಸುರಿದಳು: "ಅಪ್ಪಂಗೆ ಯಾರಾದ್ರೂ ಹೆಂಗಸು ಗಂಟು ಬಿದ್ದಿರಬಹುದಾ?"

ಅಜ್ಜಿ ಬಿದ್ದು ಬಿದ್ದು ನಕ್ಕಳು. "ಮೈಯೆಲ್ಲಾ ಗಡಿಯಾರದ ಎಣ್ಣೆ ವಾಸನೆ. ಅವನನ್ನ ಯಾವಳು ಮೂಸ್ತಾಳೆ? ಸುಮ್ನೆ ಹಾಲು ನೋಡ್ಕೋ, ಉಕ್ಕುತ್ತೆ."

ಮಗಳು ನಗಲಿಲ್ಲ. ಆ ವಾರವೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ರೈಲು ಓಡಿಸಿ ನಿವೃತ್ತರಾದ ಮುದುಕರೊಬ್ಬರು ತಮ್ಮ ಬೆಳ್ಳಿಯ ಜೇಬು ಗಡಿಯಾರವನ್ನು ರಿಪೇರಿಗೆ ಕೊಟ್ಟಿದ್ದರು. ಹೊಸ ಸ್ಪ್ರಿಂಗು ಹಾಕಿದ್ದು ಅವಳೇ. ಎರಡು ದಿನ ಅದು ಕೊಕ್ಕೆಯಲ್ಲಿ ತೂಗುತ್ತಾ ಚೆನ್ನಾಗಿ ಮಿಡಿದಿತ್ತು. ಮೂರನೇ ದಿನ ಬರೀ ಕೊಕ್ಕೆ.

"ತಾತ ಬಂದ್ರೆ ಸ್ಪ್ರಿಂಗು ಬಂದಿಲ್ಲ ಅನ್ನು," ಎಂದರು ಅಪ್ಪ.

"ನಾನೇ ಹಾಕಿದ್ನಲ್ಲ!"

"ಸರಿಹೋಗಿಲ್ಲ. ಬೇರೆ ತರಿಸಬೇಕು." ಅವಳ ಮುಖ ನೋಡದೆಯೇ ಹೇಳಿದರು.

ಗುರುವಾರ ಮುದುಕರು ಬಂದರು. ಅವಳು ಸುಳ್ಳು ಹೇಳಿದಳು. ಮುಂದಿನ ಗುರುವಾರವೂ ಬಂದರು, ಅದೇ ಸುಳ್ಳು. ಮೂರನೆಯ ಸಲ ಅದೇ ಸುಳ್ಳನ್ನು ಅವರ ಮುಖ ನೋಡದೆ ಹೇಳಿದಳು. "ಆಗಲಮ್ಮ, ನಿಧಾನವಾಗಿ ಮಾಡಿ," ಎಂದು ಅವರು ಕೋಲೂರಿಕೊಂಡು ಹೊರಟರು. "ಮನೇಲಿ ಅದೊಂದೇ ಸದ್ದು ಇದ್ದದ್ದು. ಈಗ ಬಿಕೋ ಅನ್ನುತ್ತೆ, ಅಷ್ಟೆ."

ಮರುದಿನ ಮಧ್ಯಾಹ್ನ ಅಪ್ಪನೇ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಫೋನಿನ ತೆರೆಯ ಮೇಲೆ ದುಡ್ಡು ಕಟ್ಟಿ ಆಡುವ ಆಟದ ಮೂರು ಚಕ್ರಗಳು, ಅವುಗಳ ಮೈತುಂಬ ಹಣ್ಣು, ಗಂಟೆ, ವಜ್ರದ ಚಿತ್ರಗಳು.

"ನನ್ನ ಕಿವಿ ಮೊದಲಿನ ಹಾಗಿಲ್ಲ, ಮಗಳೇ. ನೀನು ಕೇಳು. ವಜ್ರ ಬೀಳೋಕೆ ಮುಂಚೆ ಬಡಿತ ಒಂಚೂರು ತಡವರಿಸುತ್ತೆ. ಅದನ್ನ ಹಿಡಿದ್ರೆ ಆಯ್ತು. ಮೂರು ಸಲ ಸೋತ್ರೆ ನಾಲ್ಕನೇ ಸಲ ಎರಡರಷ್ಟು ಕಟ್ಟೋದು. ಬರೆದಿಟ್ಟಿದ್ದೀನಿ ನೋಡು." ನೋಟ್‌ಬುಕ್ಕಿನ ತುಂಬ ಇರುವೆ ಸಾಲಿನಂಥ ಅಕ್ಷರಗಳು.

ಒಬ್ಬಂಟಿಯಾಗಿ ಕೆಟ್ಟವರಲ್ಲ ಅವರು. ಆ ಬೀದಿಯಲ್ಲಿ ಈ ಆಟ ಗೆಲ್ಲುವ ಸೂತ್ರವಿಲ್ಲದವರೇ ಇರಲಿಲ್ಲ. ಕ್ಷೌರದವನು ದಿನದ ಮೊದಲ ಗಡ್ಡ ಬೋಳಿಸಿದ ಮೇಲೆಯೇ ಆಡುವವನು. ದರ್ಜಿ ಎಡಗೈ ಹೆಬ್ಬೆರಳಲ್ಲಿ ಮಾತ್ರ ಒತ್ತುವವನು. ಔಷಧಿ ಅಂಗಡಿಯವನು ತಿಂಗಳಿಗಿಷ್ಟು ಎಂದು ಕೊಟ್ಟು, ಯಾರೋ ಕಾಣದ ಗುರುವಿನಿಂದ ಸೂತ್ರ ತರಿಸಿಕೊಳ್ಳುವವನು. ಸೋತಾಗ ಯಾರೂ ಆಟವನ್ನು ಬೈಯುತ್ತಿರಲಿಲ್ಲ. ಸೂತ್ರ ಪಾಲಿಸಿದ್ದರಲ್ಲಿ ತಾವೇ ಎಡವಿದೆವು ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಓದುಗರೇ, ಕಳ್ಳನನ್ನು ಬಿಟ್ಟು ಬೀಗವನ್ನು ಬೈಯುವ ಇಂಥ ಮನೆಗಳು ನಿಮ್ಮ ಬೀದಿಯಲ್ಲೂ ಇದ್ದಾವು, ಒಮ್ಮೆ ನೋಡಿ.

ಹುಡುಗಿ ಕಣ್ಣು ಮುಚ್ಚಿ ಕೇಳಿದಳು. ಅಪ್ಪ ನಲವತ್ತು ಸಲ ಚಕ್ರ ತಿರುಗಿಸಿದರು. ಅವಳು ಎಣಿಸಿದಳು. ಗೆದ್ದರೂ ಇಪ್ಪತ್ತೆರಡು ಬಡಿತ, ಸೋತರೂ ಇಪ್ಪತ್ತೆರಡು, ಕೊನೆಗೊಂದು 'ಟಣ್'. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಣ್ಣೆ ಹಾಕಿ ಎರಡು ದಿನವಾದ ಗಡಿಯಾರ ಕೂಡ ಅಷ್ಟು ಒಂದೇ ಸಮ ಬಡಿಯುವುದಿಲ್ಲ. ಈ ಸದ್ದು ಚಕ್ರದ್ದಲ್ಲ ಎಂಬ ಅನುಮಾನ ಅವಳಿಗೆ ಅಲ್ಲೇ ಹುಟ್ಟಿತು.

"ಇನ್ನೊಂದ್ಸಲ ಒತ್ತು," ಎಂದಳು. ಅಪ್ಪ ಒತ್ತಿದ ಕೂಡಲೇ ಫೋನಿನ ಇಂಟರ್‌ನೆಟ್ ಆರಿಸಿಬಿಟ್ಟಳು. ಇಪ್ಪತ್ತೆರಡು ಬಡಿದು, 'ಟಣ್' ಎಂದು ಸದ್ದು ಮುಗಿಯಿತು. ಚಕ್ರಗಳು ಮಾತ್ರ ನಿಲ್ಲಲು ತಿಳಿಯದೆ ಸುಮ್ಮನೆ ಗಿರಗಿರ ಸುತ್ತುತ್ತಲೇ ಇದ್ದವು.

"ನೋಡಿದ್ಯಾ? ನಮ್ಮ ಗಡಿಯಾರದಲ್ಲಿ ಚಕ್ರ ತಿರುಗೋದಕ್ಕೆ ಸದ್ದು ಬರುತ್ತೆ. ಇಲ್ಲಿ ಚಕ್ರಾನೇ ಇಲ್ಲಪ್ಪ, ಬರೀ ಚಿತ್ರ. ಸದ್ದನ್ನ ಎಲ್ಲಿಂದಲೋ ತಂದು ಅಂಟಿಸಿದಾರೆ. ಸೋಲು ಗೆಲುವು ದೂರದಲ್ಲಿ ಯಾರ ಹತ್ರಾನೋ ಆಗಲೇ ತೀರ್ಮಾನ ಆಗಿರುತ್ತೆ. ನೀನು ಏನು ಕೇಳಿಸ್ಕೊಂಡು ಏನು ಬಂತು?"

ಅಪ್ಪನ ಮುಖ ಕಪ್ಪಿಟ್ಟಿತು. "ಮೂವತ್ತು ವರ್ಷದಿಂದ ಯಂತ್ರ ನೋಡ್ತಿದೀನಿ. ದೋಷ ಇಲ್ಲದ ಯಂತ್ರ ಇನ್ನೂ ಹುಟ್ಟಿಲ್ಲ."

"ಇದರಲ್ಲಿ ದೋಷ ಇಲ್ಲ. ಅದು ಮಾಡಬೇಕಾದ ಕೆಲಸಾನ ಸರಿಯಾಗೇ ಮಾಡ್ತಿದೆ."

ಒಳಗಿನಿಂದ ಅಜ್ಜಿ ಸೌಟು ಹಿಡಿದೇ ಬಂದಳು. "ಹೆತ್ತ ಅಪ್ಪನಿಗೇ ಪಾಠ ಹೇಳ್ತೀಯೇನೇ? ಮೊದಲನೇ ವಾರ ಗೆದ್ದು ಈ ಮಿಕ್ಸಿ ತಂದವನು ಅವನೇ. ತಿರುಗುತ್ತೋ ಇಲ್ವೋ ನೋಡ್ಕೋ! ಕೈಗೆ ಬಂದದ್ದು ಸುಳ್ಳಾ?"

"ಮೀನಿಗೂ ಎರೆಹುಳು ಸುಳ್ಳಲ್ಲ ಅಜ್ಜಿ. ತಾತನ ವಾಚು ಎಲ್ಲಿದೆ, ಕೇಳು ನಿನ್ನ ಮಗನ್ನ."

ಅಜ್ಜಿ ಮಗನ ಕಡೆ ತಿರುಗಿದಳು. ಅವರು ನೋಟ್‌ಬುಕ್ಕು ಮುಚ್ಚಿದರು. "ಗಿರವಿ ಅಂಗಡೀಲಿದೆ," ಎಂದರು ತಗ್ಗಿದ ದನಿಯಲ್ಲಿ. "ಒಂದೇ ಒಂದು ಸರಿಯಾದ ಏಟು ಬಿದ್ರೆ ಬಿಡಿಸ್ಕೊಂಡು ಬರ್ತೀನಿ. ನೀನು ಕಿವಿ ಕೊಟ್ರೆ ಸಾಕು, ಮಗಳೇ. ಇದೊಂದು ಗುರುವಾರ ಹೇಗಾದ್ರೂ ತಾತನ್ನ ಸಾಗಹಾಕು."

"ಕಿವೀನೂ ಕೊಡಲ್ಲ, ನಾಲಿಗೇನೂ ಕೊಡಲ್ಲ," ಎಂದಳು ಹುಡುಗಿ.

ಗುರುವಾರ ಬಂತು, ಕೋಲಿನ ಸದ್ದೂ ಬಂತು. ಅಪ್ಪ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಯಾವುದೋ ಗಡಿಯಾರದ ಮೇಲೆ ಬಗ್ಗಿದರು.

"ಸ್ಪ್ರಿಂಗು ಬಂತೇನಮ್ಮ?"

ಮಗಳು ಎದ್ದು ನಿಂತಳು. "ತಾತ, ಸ್ಪ್ರಿಂಗು ಬಂದು ತಿಂಗಳಾಯ್ತು. ನಾನೇ ಹಾಕಿದೆ. ವಾಚು ಇಲ್ಲಿಲ್ಲ. ಅಪ್ಪ ಅದನ್ನ ಗಿರವಿ ಇಟ್ಟು ಫೋನಿನ ಆಟಕ್ಕೆ ಹಾಕಿದಾರೆ. ಮೂರು ಸಲ ನಿಮಗೆ ಸುಳ್ಳು ಹೇಳಿದವಳು ನಾನು."

ಅಪ್ಪನ ಕಣ್ಣಿಂದ ಗಾಜು ಕಳಚಿ ಮೇಜಿನ ಮೇಲೆ ಉರುಳಿತು. ಮುದುಕರು ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

"ಗೊತ್ತಿತ್ತಮ್ಮ," ಎಂದರು. "ಮೊದಲನೇ ಗುರುವಾರಾನೇ ಅನುಮಾನ ಬಂತು, ನಿನ್ನ ದನಿ ಕೇಳಿ. ಮೇಷ್ಟ್ರೇ, ವಾಚಿಗೋಸ್ಕರ ಬರ್ತಿರಲಿಲ್ಲ ನಾನು. ಈ ಅಂಗಡೀಲಿ ನಿಜ ಹೇಳೋರು ಒಬ್ಬರಾದ್ರೂ ಉಳಿದಿದಾರಾ ಅಂತ ನೋಡೋಕೆ ಬರ್ತಿದ್ದೆ."

ಮೇಷ್ಟ್ರು ಉರುಳಿದ ಗಾಜನ್ನು ಹೆಕ್ಕಿ ಮೇಜಿನ ಖಾನೆಗೆ ಹಾಕಿದರು.

ಮಗಳು ಒಳಗೆ ಹೋಗಿ ಮಿಕ್ಸಿಯ ವೈರು ಕಿತ್ತು, ಅದನ್ನು ಕಂಕುಳಿಗೆ ಏರಿಸಿಕೊಂಡಳು. ವಾಚು ಬಿಡಿಸಲು ಇದನ್ನು ಮಾರಿದರೆ ಸಾಲದು ಎಂದು ಅವಳಿಗೂ ಗೊತ್ತಿತ್ತು. ಮೊದಲು ಮನೆಯಿಂದ ಹೊರಗೆ ಹೋಗಬೇಕಾದದ್ದು ಇದು, ಅಷ್ಟೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಪಕ್ಕಕ್ಕೆ ಸರಿದು, "ಜಾರು ಬಿಟ್ಟು ಹೋಗ್ತಿದೀಯಲ್ಲೇ, ಅದನ್ನೂ ತಗೊಂಡು ಹೋಗು," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ನಡಿಯಪ್ಪ. ನೀನೇ ಮುಂದೆ ನಡಿ. ಗಿರವಿ ಅಂಗಡಿ ನಂಗೆ ಗೊತ್ತಿಲ್ಲ."

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ತಾನೇ ಬೆಳಗಿತು. ಹತ್ತು ತಿರುವು ಪುಕ್ಕಟೆಯೆಂದು ಬಣ್ಣದ ಅಕ್ಷರಗಳು ಕುಣಿದವು. ಅಪ್ಪನ ಬೆರಳು ಮಿಸುಕಿತು. ಮಗಳು ಫೋನನ್ನು ಕಿತ್ತುಕೊಳ್ಳಲಿಲ್ಲ, ಬೈಯಲೂ ಇಲ್ಲ. ಬೀಗ ಹಿಡಿದು, ತಾತನ ಜೊತೆ ಹೊಸ್ತಿಲಾಚೆ ಕಾದಳು.

ಅಪ್ಪ ಹೊರಗೆ ಬಂದರು. ಅವಳು ಅವರ ಎರಡೂ ಕೈ ನೋಡಿದಳು, ಜೇಬನ್ನೂ ನೋಡಿದಳು. ನಂಬಿಕೆ ಒಂದೇ ದಿನದಲ್ಲಿ ಮರಳುವಂಥದ್ದಲ್ಲ. ಬಾಗಿಲೆಳೆದು ಬೀಗ ಹಾಕುವಾಗ, ಮೇಜಿನ ಮೇಲೇ ಉಳಿದ ಫೋನಿನಲ್ಲಿ ಪುಕ್ಕಟೆ ತಿರುವು ತಾನಾಗಿ ಶುರುವಾಗಿ, ಒಳಗಿನಿಂದ ಆ ಬಡಿತ ಕೇಳಿಸಿತು. ಅವಳು ಎಣಿಸಿದಳು. ಇಪ್ಪತ್ತೆರಡಕ್ಕೆ ಅದು ನಿಂತಿತು. ಆಮೇಲೆ ಉಳಿದದ್ದು ಗೋಡೆಯ ಮೇಲೆ ಇನ್ನೂ ನಡೆಯುತ್ತಿದ್ದ ಏಳು ಗಡಿಯಾರಗಳ ಸದ್ದು, ಒಂದೊಂದೂ ತನ್ನದೇ ಚಕ್ರದ್ದು.